ಬೇಬಿ ಜೇಕ್‌ನ ಎತ್ತರ ಬಿಟ್ಟು ಬೇರೆ ಮಾತಾಡೋಣ

ಜೇಕಬ್ ಮಾಟ್ಲಾಲ ಬಗ್ಗೆ ಯಾರು ಬರೆದರೂ ಮೊದಲ ಸಾಲಿನಲ್ಲೇ ಅವನ ಎತ್ತರ ಬಂದು ಕೂತಿರುತ್ತದೆ. ನಾನೂ ಹೇಳಿ ಮುಗಿಸಿಬಿಡುತ್ತೇನೆ. 147 ಸೆಂಟಿಮೀಟರ್, ಅಂದರೆ 4 ಅಡಿ 10 ಇಂಚು. ವಿಶ್ವ ಚಾಂಪಿಯನ್ ಆದ ಬಾಕ್ಸರ್‌ಗಳಲ್ಲೇ ಅತಿ ಗಿಡ್ಡ ಅಂತ ಹೆಸರಾದವನು. ದಕ್ಷಿಣ ಆಫ್ರಿಕಾದಲ್ಲಿ ಅವನನ್ನು ಜೇಕಬ್ ಅಂತ ಕರೆದವರು ಕಡಿಮೆ, ಎಲ್ಲರ ಬಾಯಲ್ಲೂ 'ಬೇಬಿ ಜೇಕ್'.

ಈ ಎತ್ತರವನ್ನೇ ಹಿಡಿದುಕೊಂಡು ಹಿಂದೆ ಢಮಢಮ ಸಂಗೀತ ಹಾಕಿ ಮಾಡಿದ ಸ್ಫೂರ್ತಿಯ ರೀಲ್‌ಗಳು ಆಗಾಗ ನನ್ನ ಫೀಡ್‌ಗೂ ಬರುತ್ತವೆ. ಕೆಳಗೆ ಕಾಮೆಂಟುಗಳಲ್ಲಿ ನಮ್ಮವರು ತಪ್ಪದೆ 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಅಂತ ಹಾಕಿರುತ್ತಾರೆ, ಇಲ್ಲವೇ ವಾಮನ-ಬಲಿಯ ಕಥೆ ತರುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ, ಬೇಡ ಅನ್ನಲಾರೆ. ಆದರೆ ಇಪ್ಪತ್ತೆರಡು ವರ್ಷ ರಿಂಗ್‌ನಲ್ಲಿ ನಿಂತು 68 ಪಂದ್ಯ ಆಡಿ 53 ಗೆದ್ದವನನ್ನು 'ಪಾಪ, ಅಷ್ಟು ಗಿಡ್ಡ ಇದ್ದೂ ಗೆದ್ದ' ಅಂತ ಮೆಚ್ಚುವುದು ನನಗೆ ಒಂದು ರೀತಿಯ ಅವಮಾನದ ಹಾಗೆ ಕಾಣುತ್ತದೆ. ಅವನು ಕಸುಬುದಾರ. ಅವನಿಗೆ ಅಡ್ಡ ನಿಂತ ಗೋಡೆಗಳು ನಿಜವಾಗಿಯೂ ಇದ್ದವು, ಅವು ಅಳತೆಪಟ್ಟಿಯಲ್ಲಿ ಇರಲಿಲ್ಲ ಅಷ್ಟೇ.

ಮೊದಲು ಒಂದು ಸರಳ ಲೆಕ್ಕ. ಬಾಕ್ಸಿಂಗ್ ತೂಕದ ಆಟ. ಜೇಕ್ ಆಡಿದ್ದು ಹೆಚ್ಚಾಗಿ ಎರಡು ವಿಭಾಗಗಳಲ್ಲಿ: ಫ್ಲೈವೇಟ್, ಅಂದರೆ 112 ಪೌಂಡ್, ಸುಮಾರು 50.8 ಕಿಲೋ, ಮತ್ತು ಲೈಟ್ ಫ್ಲೈವೇಟ್, 108 ಪೌಂಡ್, ಸುಮಾರು 49 ಕಿಲೋ. ನಮ್ಮ ಮೇರಿ ಕೋಮ್ ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಗೆದ್ದದ್ದೂ ಹೆಚ್ಚುಕಡಿಮೆ ಇದೇ ತೂಕದಲ್ಲಿ. ಎದುರಾಳಿಯೂ 49 ಕಿಲೋ, ಜೇಕ್ ಕೂಡ 49 ಕಿಲೋ. ಇಲ್ಲಿ ದೊಡ್ಡವನು ಯಾರು, ಚಿಕ್ಕವನು ಯಾರು? ಐದೂವರೆ ಅಡಿ ಆಸಾಮಿ 49 ಕಿಲೋಗೆ ಇಳಿಯಬೇಕಾದರೆ ತೂಕ ನೋಡುವ ದಿನದ ಹೊತ್ತಿಗೆ ಊಟ ಬಿಟ್ಟು, ನೀರು ಬಿಟ್ಟು, ಬೆವರು ಹರಿಸಿ ಒಣಗಿರುತ್ತಾನೆ. ಜೇಕ್‌ಗೆ ಅದೇ 49 ಕಿಲೋ ಗಟ್ಟಿ ತೊಡೆ, ಅಗಲ ಎದೆ, ಕುಳ್ಳ ತೋಳುಗಳಲ್ಲಿ ಇಡಿಕಿರಿದು ತುಂಬಿರುತ್ತಿತ್ತು. ಅವನ ಹಳೆಯ ಪಂದ್ಯಗಳನ್ನು ನೋಡಿ: ಇಬ್ಬರೂ ಹಣೆಗೆ ಹಣೆ ಹಚ್ಚಿ ತಳ್ಳಾಡುವಾಗ ಹಿಂದೆ ಹೆಜ್ಜೆ ಇಡುವವನು ಸಾಮಾನ್ಯವಾಗಿ ಎತ್ತರದವನೇ. ದೈತ್ಯನನ್ನು ಪುಟಾಣಿ ಉರುಳಿಸಿದ ಕಥೆ ಇದಲ್ಲ.

ಗಿಡ್ಡ ಬಾಕ್ಸರ್‌ಗೆ ತೊಂದರೆಯೇ ಇಲ್ಲ ಅನ್ನುತ್ತಿಲ್ಲ. ಕೈ ಮೋಟು, ಹಾಗಾಗಿ ದೂರ ನಿಂತು ಜ್ಯಾಬ್, ಅಂದರೆ ಚುರುಕಾದ ನೇರ ಏಟು, ಹಾಕುತ್ತಾ ಅಂಕ ಕೂಡಿಸುವ ದಾರಿ ಮುಚ್ಚಿಹೋಗಿರುತ್ತದೆ. ಒಳಗೆ ನುಗ್ಗಲೇಬೇಕು, ನುಗ್ಗುವಾಗ ಒಂದೆರಡು ಏಟು ತಿನ್ನಲೇಬೇಕು. ಆ ಏಟು ಹಣೆಗೋ ಗ್ಲೌಸ್‌ಗೋ ಬೀಳುವ ಹಾಗೆ ನೋಡಿಕೊಳ್ಳುವುದು, ದವಡೆಗೆ ಬೀಳದ ಹಾಗೆ ತಪ್ಪಿಸುವುದು, ಅದೇ ಕಲೆ. ಒಮ್ಮೆ ಒಳಗೆ ಹೊಕ್ಕ ಮೇಲೆ ಲೆಕ್ಕ ತಿರುಗುತ್ತದೆ. ಎತ್ತರದವನು ಕೆಳಮುಖವಾಗಿ ಹೊಡೆಯಬೇಕು. ಬಾಕ್ಸಿಂಗ್‌ನಲ್ಲಿ ಶಕ್ತಿ ಬರುವುದು ನೆಲದಿಂದ, ಕಾಲು-ಸೊಂಟ-ಭುಜದ ಮೂಲಕ. ಕೆಳಕ್ಕೆ ಬಾಗಿ ಹೊಡೆದರೆ ಆ ಸರಪಳಿ ಅರ್ಧಕ್ಕೇ ತುಂಡಾಗುತ್ತದೆ, ಮೇಲಾಗಿ ಮೊಣಕೈ ಎದ್ದು ಪಕ್ಕೆಲುಬು ತೆರೆದುಕೊಳ್ಳುತ್ತದೆ. ಜೇಕ್‌ಗೆ ಬೇಕಾಗಿದ್ದು ಅದೇ. ಎರಡೂ ಕೈಯಿಂದ ಪಕ್ಕೆಗೆ ಹುಕ್, ಅಂದರೆ ಮೊಣಕೈ ಮಡಿಚಿ ಬೀಸುವ ಏಟು, ಮತ್ತೆ ಹುಕ್, ಸಂದು ಸಿಕ್ಕರೆ ಗದ್ದಕ್ಕೊಂದು. ಕಬಡ್ಡಿಯಲ್ಲಿ ಬಾಗಿ ಪಾದಕ್ಕೇ ಕೈ ಹಾಕುವ ಮೂಲೆಯ ಆಟಗಾರನಿದ್ದಾನಲ್ಲ, ಅವನನ್ನು ಯಾರೂ 'ಗಿಡ್ಡ ಇದ್ದರೂ ಹಿಡಿದ' ಅನ್ನುವುದಿಲ್ಲ. ಅವನು ನಿಂತ ಜಾಗವೇ ಅವನ ಬಲ.

ಅವನ ಗೆಲುವುಗಳ ಸುತ್ತಿನ ಸಂಖ್ಯೆ ಗಮನಿಸಿ. ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಆ ದೇಶದವನೇ ಆದ ಪ್ಯಾಟ್ ಕ್ಲಿಂಟನ್ ಬಿದ್ದದ್ದು 8ನೇ ಸುತ್ತಿನಲ್ಲಿ. ಲಾಸ್ ವೇಗಾಸ್‌ನಲ್ಲಿ ಮೈಕೆಲ್ ಕಾರ್ಬಹಾಲ್ ಜೊತೆಗಿನ ಪಂದ್ಯ ನಿಂತದ್ದು 9ನೇ ಸುತ್ತಿನಲ್ಲಿ. ಇನ್ನೊಬ್ಬ ಸ್ಕಾಟ್ಲೆಂಡ್‌ನವನು ಪಾಲ್ ವಿಯರ್ ಎರಡನೇ ಸಲ ಎದುರಾದಾಗ ಮುಗಿದದ್ದು 10ನೇ ಸುತ್ತಿನಲ್ಲಿ. ಒಂದೇ ಏಟಿಗೆ ಮಲಗಿಸುವ ಕೈ ಅವನದಲ್ಲ. ಸಾಲದ ಬಡ್ಡಿಯಂತೆ ಬೆಳೆಯುತ್ತಿತ್ತು ಅವನ ಹೊಡೆತ ಅನ್ನಬೇಕೆನಿಸುತ್ತದೆ, ಬೇಡ, ಮೇಲೆ ಆಗಲೇ ಕಬಡ್ಡಿ ತಂದಾಗಿದೆ. ನೇರವಾಗಿ ಹೇಳುತ್ತೇನೆ: ಪ್ರತಿ ಸುತ್ತಿನ ಮೂರೂ ನಿಮಿಷ ಅವನ ಕೈ ನಿಲ್ಲುತ್ತಿರಲಿಲ್ಲ, ಎದುರಾಳಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಸಿಗುತ್ತಿರಲಿಲ್ಲ. ಏಳು ಸುತ್ತು ಆ ಪಾಡು ಪಟ್ಟ ಮೇಲೆ ಎಂಟನೇ ಸುತ್ತಿಗೆ ಯಾರ ಕಾಲೂ ಮಾತು ಕೇಳುವುದಿಲ್ಲ. ಈ ಆಟಕ್ಕೆ ಬೇಕಾದ ದಮ್ಮು ಎಷ್ಟು ಅಂತ ಯೋಚಿಸಿ. ಅದು ಮೈಕಟ್ಟಿನಿಂದ ಬರುವುದಲ್ಲ. ಜೊಹಾನ್ಸ್‌ಬರ್ಗ್ ಅಂಚಿನ ಕರಿಯರ ಬಡಾವಣೆ ಸೊವೆಟೊದ ಡುಬೆ ಬಾಕ್ಸಿಂಗ್ ಕ್ಲಬ್ಬಿನಲ್ಲಿ, ಥಿಯೋ ಎಂಥೆಂಬು ಎಂಬ ಗುರುವಿನ ಕೈಯಲ್ಲಿ ವರ್ಷಾನುಗಟ್ಟಲೆ ಮೈ ದಂಡಿಸಿ ಸಂಪಾದಿಸಿದ್ದು.

ಕಾರ್ಬಹಾಲ್ ಪಂದ್ಯದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅಮೆರಿಕದ ಅರಿಝೋನಾದ ಈ ಹುಡುಗ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದವನು. 1993ರಲ್ಲಿ ಹಂಬರ್ಟೊ ಗೊನ್ಸಾಲೆಜ್ ಜೊತೆ ಆಡಿದ ಪಂದ್ಯದಲ್ಲಿ ಎರಡು ಸಲ ನೆಲಕ್ಕೆ ಬಿದ್ದು, ಎದ್ದು, ಏಳನೇ ಸುತ್ತಿನಲ್ಲಿ ಅವನನ್ನೇ ನಾಕ್‌ಔಟ್ ಮಾಡಿದವನು. ಮರುವರ್ಷದ ಮರುಪಂದ್ಯಕ್ಕೆ ಹತ್ತು ಲಕ್ಷ ಡಾಲರ್ ಪಡೆದ; ಅವನ ತೂಕದವರಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. 1997ರ ಜುಲೈ 18ರಂದು ಲಾಸ್ ವೇಗಾಸ್‌ನಲ್ಲಿ ಜೇಕ್ ಎದುರು ನಿಂತಾಗ ಕಾರ್ಬಹಾಲ್‌ಗೆ 29 ವರ್ಷ, ಜೇಕ್‌ಗೆ 35. ಈ ತೂಕದಲ್ಲಿ 35 ಅಂದರೆ ಮುದಿತನ. ಹೆವಿವೇಟ್‌ಗಳು ನಲವತ್ತರಲ್ಲೂ ಒಂದು ಏಟಿನ ಭರವಸೆಯಲ್ಲಿ ಆಡಬಹುದು. ಫ್ಲೈವೇಟ್‌ನ ಬಂಡವಾಳ ವೇಗ, ಅದು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ಆದರೂ ಜೇಕ್ ಮೊದಲ ಸುತ್ತಿನ ಗಂಟೆ ಬಾರಿಸಿದಾಗಿನಿಂದ ಕಾರ್ಬಹಾಲ್‌ನ ಎದೆಗೆ ಅಂಟಿಕೊಂಡ, ಬಿಡಲಿಲ್ಲ. ಕೊನೆಗೆ ಕಾರ್ಬಹಾಲ್‌ನ ಮುಖದ ಗಾಯದಿಂದಾಗಿ 9ನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸಬೇಕಾಯಿತು. ಗಾಯದಿಂದ ಗೆದ್ದದ್ದು ಗೆಲುವೇ ಅಂತ ಕೇಳುವವರಿದ್ದಾರೆ. ಆ ಹೊತ್ತಿಗೆ ಪಂದ್ಯ ಯಾರ ಕಡೆ ವಾಲಿತ್ತು ಅಂತ ನೋಡಿದವರು ಕೇಳುವುದಿಲ್ಲ. ಕಾರ್ಬಹಾಲ್ ಆಗಲೇ ಮುಗಿದಿದ್ದ ಅನ್ನುವ ವಾದವೂ ನಿಲ್ಲುವುದಿಲ್ಲ: ಎರಡು ವರ್ಷದ ನಂತರ ಇದೇ ಕಾರ್ಬಹಾಲ್ ಟಿಹುವಾನಾಗೆ ಹೋಗಿ, ಮುಂದೆ ಮೆಕ್ಸಿಕೋದ ದೊಡ್ಡ ತಾರೆಯಾದ ಎಳೆಯ ಜಾರ್ಜ್ ಆರ್ಸೆಯನ್ನು 11ನೇ ಸುತ್ತಿನಲ್ಲಿ ಮಲಗಿಸಿ ಬೆಲ್ಟ್, ಅಂದರೆ ವಿಶ್ವ ಪ್ರಶಸ್ತಿಯ ಪಟ್ಟಿ, ತಂದ.

ಈಗ ಗೋಡೆಗಳ ವಿಷಯಕ್ಕೆ ಬರೋಣ.

ಜೇಕ್ 1962ರಲ್ಲಿ ಹುಟ್ಟಿದ್ದು ಜೊಹಾನ್ಸ್‌ಬರ್ಗ್ ಪಕ್ಕದ ಸೊವೆಟೊದ ಮೆಡೋಲ್ಯಾಂಡ್ಸ್‌ನಲ್ಲಿ. ಈ ಬಡಾವಣೆಯ ಹುಟ್ಟೇ ಒಂದು ಗಾಯ. 1955ರಲ್ಲಿ ವರ್ಣಭೇದದ ಸರ್ಕಾರ ಸೋಫಿಯಾಟೌನ್ ಎಂಬ ಜೀವಂತ ಊರಿನಿಂದ ಕರಿಯರನ್ನು ಪೊಲೀಸರ ಕಾವಲಿನಲ್ಲಿ ಲಾರಿಗಳಿಗೆ ಹತ್ತಿಸಿ ತಂದು ಇಳಿಸಿದ ಜಾಗ ಅದು. 1976ರ ಜೂನ್ 16ರಂದು ಸೊವೆಟೊದ ಶಾಲಾಮಕ್ಕಳ ಮೇಲೆ ಗುಂಡು ಹಾರಿದಾಗ ಜೇಕ್‌ಗೆ 14 ವರ್ಷ. ಅವನು ಬೆಳೆಯುತ್ತಿದ್ದ ಕಾಲಕ್ಕೆ ಬಾಕ್ಸಿಂಗ್‌ನಲ್ಲೂ ಬಿಳಿಯರ ಪ್ರಶಸ್ತಿ ಬೇರೆ, ಕರಿಯರ ಪ್ರಶಸ್ತಿ ಬೇರೆ. ಇಬ್ಬರೂ ಒಂದೇ ರಿಂಗ್‌ಗೆ ಇಳಿಯುವುದನ್ನು ಕಾನೂನೇ ತಡೆದಿತ್ತು. ಎಪ್ಪತ್ತರ ದಶಕದ ಕೊನೆಗಷ್ಟೇ ಅದು ಸಡಿಲವಾಯಿತು.

1980ರಲ್ಲಿ ಜೇಕ್ ವೃತ್ತಿಗೆ ಇಳಿದ. ಅದೇ ವರ್ಷ ಡಿಸೆಂಬರ್ 13ರಂದು ಪೀಟರ್ ಮತೆಬುಲ ಲಾಸ್ ಏಂಜಲೀಸ್‌ನಲ್ಲಿ ಕೊರಿಯಾದ ಕಿಮ್ ಟೇ-ಶಿಕ್‌ನನ್ನು ಸೋಲಿಸಿ ಫ್ಲೈವೇಟ್ ವಿಶ್ವ ಚಾಂಪಿಯನ್ ಆದ, ದಕ್ಷಿಣ ಆಫ್ರಿಕಾದ ಮೊದಲ ಕರಿಯ ವಿಶ್ವ ಚಾಂಪಿಯನ್. ಮೂರೇ ತಿಂಗಳಲ್ಲಿ ಸೊವೆಟೊದ ಒರ್ಲ್ಯಾಂಡೊ ಸ್ಟೇಡಿಯಂನಲ್ಲಿ ಅರ್ಜೆಂಟೀನಾದ ಸ್ಯಾಂಟೋಸ್ ಲಾಸಿಯಾರ್‌ಗೆ ಸೋತ. ಸೋತದ್ದು ಇರಲಿ, ಆದರೆ ಮೆಡೋಲ್ಯಾಂಡ್ಸ್‌ನ ಹದಿನೆಂಟರ ಹುಡುಗನಿಗೆ ದಾರಿ ಇದೆ ಅಂತ ಗೊತ್ತಾಯಿತಲ್ಲ. ಗೊತ್ತಾದ ಮೇಲೂ ಅವನು ಆ ಜಾಗ ಮುಟ್ಟಲು ಹದಿಮೂರು ವರ್ಷ ಬೇಕಾಯಿತು.

ಯಾಕೆ ಅಷ್ಟು? ಕಾರಣ ಒಂದೇ ಅಲ್ಲ. ಎಂಬತ್ತರ ದಶಕದಲ್ಲಿ ಜಗತ್ತು ದಕ್ಷಿಣ ಆಫ್ರಿಕಾದ ಆಟಕ್ಕೆ ಬಾಗಿಲು ಹಾಕುತ್ತಾ ಬಂತು. ಅದರಲ್ಲಿ ನಮ್ಮ ಪಾಲೂ ಇದೆ, ಹೆಮ್ಮೆಯ ಪಾಲು. 1946ರಲ್ಲೇ ಆ ದೇಶದ ಜೊತೆ ವ್ಯಾಪಾರ ಕಡಿದುಕೊಂಡವರು ನಾವು; 1974ರ ಡೇವಿಸ್ ಕಪ್ ಫೈನಲ್ಲನ್ನು ಆಡದೆ ಬಿಟ್ಟುಕೊಟ್ಟವರು ನಾವು. ಮನೆಯಲ್ಲಿ ಹಳೆಯ ಪಾಸ್‌ಪೋರ್ಟ್ ಇದ್ದರೆ ತೆಗೆದು ನೋಡಿ, ದಕ್ಷಿಣ ಆಫ್ರಿಕಾಕ್ಕೆ ಹೋಗಲು ಅದು ಮಾನ್ಯವಲ್ಲ ಅಂತ ಮುದ್ರೆ ಇರುತ್ತದೆ. ಬಹಿಷ್ಕಾರ ಸರಿಯಾಗಿತ್ತು ಅಂತಲೇ ನಾನು ಇಂದಿಗೂ ಹೇಳುತ್ತೇನೆ. ಆದರೆ ಅದರ ಬೆಲೆ ಯಾರು ತೆತ್ತರು ಅನ್ನುವುದನ್ನೂ ಹೇಳಬೇಕು. ಬ್ರಯಾನ್ ಮಿಚೆಲ್ ಎಂಬ ಬಿಳಿಯ ಬಾಕ್ಸರ್ 1986ರಲ್ಲಿ ಸೂಪರ್ ಫೆದರ್‌ವೇಟ್ ಬೆಲ್ಟ್ ಗೆದ್ದು, ಅದನ್ನು ಉಳಿಸಿಕೊಳ್ಳಲು ಆಡಿದ ಹನ್ನೆರಡೂ ಪಂದ್ಯಗಳನ್ನು ಪರದೇಶಗಳಲ್ಲೇ ಆಡಬೇಕಾಯಿತು, ಸ್ವಂತ ಊರಲ್ಲಿ ಒಂದೂ ಇಲ್ಲ. ಅದೊಂದು ಅಸಾಧಾರಣ ಸಾಧನೆ, ಸಂಶಯವಿಲ್ಲ. ಆದರೆ ಮಿಚೆಲ್ ಕೈಯಲ್ಲಿ ಆಗಲೇ ಬೆಲ್ಟ್ ಇತ್ತು. ಬೆಲ್ಟ್ ಇಲ್ಲದ ಸೊವೆಟೊದ ಗಿಡ್ಡ ಫ್ಲೈವೇಟ್‌ಗೆ ವಿಮಾನದ ಟಿಕೆಟ್ ಕಳಿಸಿ ಕರೆಸಿಕೊಳ್ಳುವ ಪ್ರವರ್ತಕರು ಯಾರಿದ್ದರು? ಬಾಕ್ಸರ್‌ನ ಮೈ ಅತ್ಯುತ್ತಮ ಸ್ಥಿತಿಯಲ್ಲಿರುವ 24ರಿಂದ 30ರ ವಯಸ್ಸನ್ನು ಜೇಕ್ ಕಳೆದದ್ದು ಆ ಬಾಗಿಲು ಮುಚ್ಚಿದ್ದ ಕಾಲದಲ್ಲಿ. ಅವನಿಗೂ, ಅವನಂಥ ಎಷ್ಟೋ ಜನರಿಗೂ ಹೀಗಾಯಿತು. ಯಾರನ್ನು ಬಿಡಿಸಲೆಂದು ಬಹಿಷ್ಕಾರ ಹಾಕಿದೆವೋ ಅವರದೇ ವರ್ಷಗಳು ಅದರಲ್ಲಿ ಹೋದವು. ಇದಕ್ಕೆ ಬೇರೆ ದಾರಿ ಇತ್ತೇ ಅಂದರೆ ನನಗೆ ಹೊಳೆಯುವುದಿಲ್ಲ. ತಪ್ಪು ಬಹಿಷ್ಕರಿಸಿದವರದಲ್ಲ, ಬಹಿಷ್ಕರಿಸಲೇಬೇಕಾದಂಥ ಕಾನೂನು ಮಾಡಿದವರದು.

1991ರ ನವೆಂಬರ್‌ನಲ್ಲಿ ಕ್ಲೈವ್ ರೈಸ್ ನಾಯಕತ್ವದ ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡ ಕಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಬಂದು ಆಡಿದ್ದು ನಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ಬಾಗಿಲು ತೆರೆದ ಆ ಕಾಲದಲ್ಲೇ ಜೇಕ್‌ನ ದೆಸೆಯೂ ತಿರುಗಿತು. 1993ರ ಮೇ 15, ಗ್ಲಾಸ್ಗೋ, ಪ್ಯಾಟ್ ಕ್ಲಿಂಟನ್‌ನ ಸ್ವಂತ ಅಂಗಳ. ಎಂಟು ಸುತ್ತು. 31ರ ಜೇಕ್ ಡಬ್ಲ್ಯೂಬಿಒ ಫ್ಲೈವೇಟ್ ಚಾಂಪಿಯನ್. (ಬಾಕ್ಸಿಂಗ್‌ನಲ್ಲಿ ವಿಶ್ವ ಪ್ರಶಸ್ತಿ ಕೊಡುವ ಸಂಸ್ಥೆಗಳು ಹಲವು; ಡಬ್ಲ್ಯೂಬಿಒ, ಐಬಿಎಫ್, ಐಬಿಎ, ಡಬ್ಲ್ಯೂಬಿಯು ಎಲ್ಲ ಅಂಥವೇ.) 1995ರ ಆರಂಭದಲ್ಲಿ ಮೆಕ್ಸಿಕೋದ ಆಲ್ಬರ್ಟೊ ಹಿಮೆನೆಜ್ ಅದನ್ನು ಕಿತ್ತುಕೊಂಡ. ಅಂದು ಜೇಕ್ ಚೆನ್ನಾಗಿಯೇ ಹೊಡೆತ ತಿಂದ, ಎಂಟನೇ ಸುತ್ತಿನಲ್ಲಿ ನಿಲ್ಲಿಸಬೇಕಾಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡವರಿಗೆ ಉತ್ತರ ಅದೇ ವರ್ಷ ನವೆಂಬರ್‌ನಲ್ಲಿ ಸಿಕ್ಕಿತು. ಒಂದು ಮೆಟ್ಟಿಲು ಕೆಳಗಿಳಿದು, ಮತ್ತೆ ಅದೇ ಗ್ಲಾಸ್ಗೋಗೆ ಹೋಗಿ, ಪಾಲ್ ವಿಯರ್‌ನಿಂದ ಲೈಟ್ ಫ್ಲೈವೇಟ್ ಬೆಲ್ಟ್ ತೆಗೆದುಕೊಂಡ. ಆ ಪಂದ್ಯ ಗಾಯದಿಂದಾಗಿ ಐದನೇ ಸುತ್ತಿನಲ್ಲೇ ನಿಂತು ಅಂಕಗಳ ಲೆಕ್ಕದಲ್ಲಿ ತೀರ್ಮಾನವಾಗಿತ್ತು, ಗೊಣಗಾಟ ಇತ್ತು. ಮುಂದಿನ ಏಪ್ರಿಲ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಮತ್ತೆ ಆಡಿ ಗೊಣಗಾಟಕ್ಕೂ ಜಾಗವಿಲ್ಲದ ಹಾಗೆ ಮುಗಿಸಿದ. ಸ್ಕಾಟ್ಲೆಂಡ್‌ನವರಿಗೆ ಈ ಮನುಷ್ಯನ ಹೆಸರು ಕೇಳಿದರೆ ಹೊಟ್ಟೆಯಲ್ಲಿ ಏನಾಗುತ್ತಿತ್ತೋ!

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಡಬ್ಲ್ಯೂಬಿಒ ಹುಟ್ಟಿದ್ದೇ 1988ರಲ್ಲಿ, ತೊಂಬತ್ತರ ದಶಕದ ಮೊದಲಲ್ಲಿ ಅದಕ್ಕೆ ಇಂದಿನ ಬೆಲೆ ಇರಲಿಲ್ಲ. ಕಾರ್ಬಹಾಲ್ ಪಂದ್ಯದ ಐಬಿಎ ಬೆಲ್ಟ್, ಕೊನೆಯಲ್ಲಿ ಇದ್ದ ಡಬ್ಲ್ಯೂಬಿಯು ಬೆಲ್ಟ್ ಇನ್ನೂ ಹಗುರ. 'ನಾಲ್ಕು ಬಾರಿ ವಿಶ್ವ ಚಾಂಪಿಯನ್' ಅಂತ ಪೋಸ್ಟರ್ ಹಾಕುವವರ ಜೊತೆ ನಾನಿಲ್ಲ. ಬೆಲ್ಟ್ ಎಣಿಸುವುದು ಬಿಡಿ, ಎದುರಾಳಿಗಳನ್ನು ಎಣಿಸಿ. ಕ್ಲಿಂಟನ್‌ನನ್ನು ಅವನ ಊರಲ್ಲಿ, ವಿಯರ್‌ನನ್ನು ಎರಡು ಸಲ, ಕಾರ್ಬಹಾಲ್‌ನನ್ನು ಅಮೆರಿಕದಲ್ಲಿ. ಚರ್ಮದ ಪಟ್ಟಿಯ ಮೇಲೆ ಯಾವ ಅಕ್ಷರ ಇದ್ದರೇನು?

ಹಗುರ ತೂಕದವರ ಬಗ್ಗೆ ಬಾಕ್ಸಿಂಗ್ ಜಗತ್ತಿನ ಉಡಾಫೆ ಜೇಕ್ ಒಬ್ಬನದೇ ಕಥೆಯೂ ಅಲ್ಲ. ವುಯಾನಿ ಬುಂಗುವನ್ನು ನೋಡಿ. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಎಂಬ ನಗರದ ಬಳಿಯ ಮ್ಡಾಂಟ್ಸಾನೆ ಎಂಬ ಟೌನ್‌ಷಿಪ್‌ನವನು, ಅಂದರೆ ಕರಿಯರಿಗೆಂದು ಕಟ್ಟಿದ ಬಡಾವಣೆಯವನು. ಅಷ್ಟೊಂದು ಚಾಂಪಿಯನ್‌ಗಳನ್ನು ಕೊಟ್ಟ ಊರು ಆ ದೇಶದಲ್ಲಿ ಇನ್ನೊಂದಿಲ್ಲ. 1994ರಲ್ಲಿ ಒಲಿಂಪಿಕ್ ಚಿನ್ನದ ಕೆನೆಡಿ ಮೆಕಿನ್ನಿಯನ್ನು ಯಾರೂ ನಿರೀಕ್ಷಿಸದ ಹಾಗೆ ಸೋಲಿಸಿ ಐಬಿಎಫ್ ಬೆಲ್ಟ್ ಗೆದ್ದು, ಹದಿಮೂರು ಸಲ ಉಳಿಸಿಕೊಂಡ. ಇಂದು ಬುಂಗು ಅಂತ ಹುಡುಕಿದರೆ ಸಿಗುವುದು ಯಾವ ಪಂದ್ಯ? 2000ದಲ್ಲಿ ತನ್ನದಲ್ಲದ ತೂಕಕ್ಕೆ ಏರಿ ಬ್ರಿಟನ್ನಿನ ತಾರೆ ನಸೀಮ್ ಹಮೀದ್‌ಗೆ ನಾಲ್ಕನೇ ಸುತ್ತಿನಲ್ಲಿ ಸೋತದ್ದು. ಹಮೀದ್ ಅಂದು ಹಾರುವ ಜಮಖಾನದ ಮೇಲೆ ಕೂತು ರಿಂಗ್‌ಗೆ ಇಳಿದಿದ್ದ, ಹಾಗಾಗಿ ಲೋಕಕ್ಕೆ ಜಮಖಾನ ನೆನಪಿದೆ, ಹದಿಮೂರು ಪಂದ್ಯ ನೆನಪಿಲ್ಲ. ಮೊರುಟಿ ಎಂಥಲಾನೆಯದು ಇನ್ನೂ ಸಂಕಟದ ಕಥೆ. ಫ್ಲೈವೇಟ್‌ನಲ್ಲಿ ಐಬಿಎಫ್ ಬೆಲ್ಟ್ ಗೆದ್ದ, ರಿಂಗ್‌ನಲ್ಲಿ ಯಾರಿಗೂ ಸೋಲದೆ ಅದನ್ನು ಬಿಟ್ಟುಕೊಡಬೇಕಾಗಿ ಬಂತು. ಮತ್ತೆ ಗೆದ್ದದ್ದು 2018ರಲ್ಲಿ, ಕ್ವಾಲಾಲಂಪುರದಲ್ಲಿ, ಪಾಕಿಸ್ತಾನದ ಮುಹಮ್ಮದ್ ವಸೀಮ್ ಎದುರು ಹನ್ನೆರಡು ಸುತ್ತು ಜೀವ ಪಣಕ್ಕಿಟ್ಟು ಆಡಿ. ಅಂದಿನ ಮುಖ್ಯ ಪಂದ್ಯ ಫಿಲಿಪೈನ್ಸ್‌ನ ತಾರೆ ಪಾಕಿಯಾವೊನದು. ಇವರಿಬ್ಬರದು ಅದಕ್ಕೂ ಮುಂಚಿನ ಸಾಲಿನಲ್ಲಿ, ಜನ ಇನ್ನೂ ಸೀಟು ಹುಡುಕುತ್ತಿರುವ ಹೊತ್ತಿಗೆ ಆಗುವಂಥದ್ದು. ಆ ರಾತ್ರಿಯ ಅತ್ಯುತ್ತಮ ಪಂದ್ಯ ಅದೇ ಆಗಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಜೇಕ್ ಈ ಉಡಾಫೆಯನ್ನು ತನ್ನ ಮಟ್ಟಿಗೆ ಗೆದ್ದದ್ದು ಮನೆಯಲ್ಲಿ. ಕರಿಯರು, ಬಿಳಿಯರು, ಭಾರತೀಯ ಮೂಲದವರು, ಎಲ್ಲರಿಗೂ ಬೇಕಾದವನಾದ. ನಗುಮುಖ, ಕೊಬ್ಬಿಲ್ಲದ ಮಾತು. 2000ದಲ್ಲಿ 'ಹಾಕ್' ಮಕೆಪುಲ ಎಂಬ ಹೊಸ ತಲೆಮಾರಿನ ವೇಗಿ ಅವನನ್ನು ಸೋಲಿಸಿದಾಗ ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರೇ ಹೊರತು ಜೇಕ್‌ನನ್ನು ಹೀಯಾಳಿಸಲಿಲ್ಲ. 2002ರ ಮಾರ್ಚ್ 2ರಂದು ಜೊಹಾನ್ಸ್‌ಬರ್ಗ್ ಬಳಿಯ ಕಾರ್ನಿವಲ್ ಸಿಟಿಯಲ್ಲಿ ನಲವತ್ತರ ಜೇಕ್ ಕೊಲಂಬಿಯಾದ ಹುವಾನ್ ಹೆರೆರಾನನ್ನು ಸೋಲಿಸಿ ಗ್ಲೌಸ್ ಕಳಚಿದ. ರಿಂಗ್ ಪಕ್ಕದಲ್ಲಿ ನೆಲ್ಸನ್ ಮಂಡೇಲಾ ಕೂತಿದ್ದರು. ಗೆದ್ದ ಬೆಲ್ಟನ್ನು ಜೇಕ್ ಅವರಿಗೇ ಕೊಟ್ಟ. ಮಂಡೇಲಾ ಬರೀ ಮುಖ್ಯ ಅತಿಥಿಯಾಗಿ ಬಂದವರಲ್ಲ. ಐವತ್ತರ ದಶಕದಲ್ಲಿ ಒರ್ಲ್ಯಾಂಡೊದ ಸಮುದಾಯ ಭವನದಲ್ಲಿ ತಾವೇ ಬೆವರು ಸುರಿಸಿದ ಹೆವಿವೇಟ್. ಹೊಡೆದಾಟಕ್ಕಿಂತ ಬಾಕ್ಸಿಂಗ್‌ನ ಲೆಕ್ಕಾಚಾರ ತಮಗೆ ಇಷ್ಟ ಅಂತ ಅವರೇ ಹೇಳಿಕೊಂಡಿದ್ದರು. ಲೆಕ್ಕಾಚಾರ ಇಷ್ಟವಿದ್ದವರಿಗೆ ಜೇಕ್ ಇಷ್ಟವಾಗದೆ ಇರಲು ಸಾಧ್ಯವೇ? 2013ರ ಡಿಸೆಂಬರ್ 5ರಂದು ಮಂಡೇಲಾ ಹೋದರು, 7ರಂದು ಜೇಕ್, 51ನೇ ವಯಸ್ಸಿನಲ್ಲಿ. ಕೆಲವು ವರ್ಷಗಳಿಂದ ಶ್ವಾಸಕೋಶದ ಕಾಯಿಲೆ ಅವನನ್ನು ಕಾಡುತ್ತಿತ್ತು. ಈ ಎರಡು ದಿನದ ಅಂತರವನ್ನು ಏನೋ ದೈವಸಂಕೇತದಂತೆ ಬರೆಯುವವರಿದ್ದಾರೆ. 51 ಸಾಯುವ ವಯಸ್ಸಲ್ಲ, ನನಗೆ ಅಷ್ಟೇ ಅನ್ನಿಸುವುದು.

ಇಷ್ಟೆಲ್ಲ ಹೊಗಳಿ, ದಕ್ಷಿಣ ಆಫ್ರಿಕಾದ ಹಗುರ ತೂಕದವರಲ್ಲಿ ಜೇಕ್‌ನೇ ಮೊದಲನೆಯವನಾ ಅಂತ ಕೇಳಿದರೆ, ಅಲ್ಲ. ನನ್ನ ಪಟ್ಟಿಯಲ್ಲಿ ಮಿಚೆಲ್ ಮೊದಲು, ಬುಂಗು ಎರಡನೆಯವನು, ಎಂಥಲಾನೆ ಮೂರು, ಆಮೇಲೆ ಜೇಕ್. ಕಸುಬನ್ನು ನೋಡಿ ಅಳೆಯಬೇಕು ಅಂತ ಇಷ್ಟು ಹೊತ್ತು ವಾದಿಸಿ, ಕೊನೆಗೆ ಪ್ರೀತಿಗಾಗಿ ಎರಡು ಸ್ಥಾನ ಮೇಲೆ ತಳ್ಳಿದರೆ ನಾನೂ ರೀಲ್ ಮಾಡಿದ ಹಾಗೇ ಆಯಿತು. ಹಿಮೆನೆಜ್‌ನಂಥ, ದೂರವನ್ನು ಕಾಯ್ದುಕೊಂಡು ಹೊಡೆಯಬಲ್ಲ ಬಾಕ್ಸರ್ ಎದುರು ಜೇಕ್‌ಗೆ ಎರಡನೇ ಉಪಾಯ ಇರಲಿಲ್ಲ, ಅದು ನಿಜವಾದ ಕೊರತೆ.

ವೆಲ್ಕಮ್ ಎನ್‌ಸಿಟಾ ಪಟ್ಟಿಯಲ್ಲಿ ಯಾಕಿಲ್ಲ ಅಂತ ಈಗಲೇ ಒಬ್ಬರು ಟೈಪ್ ಮಾಡಲು ಶುರು ಮಾಡಿರುತ್ತಾರೆ, ನನಗೆ ಗೊತ್ತು. ಮ್ಡಾಂಟ್ಸಾನೆಯ ಮೊದಲ ವಿಶ್ವ ಚಾಂಪಿಯನ್, ನೋಡಲು ಇವರೆಲ್ಲರಿಗಿಂತ ಚೆಂದದ ಬಾಕ್ಸರ್, ಒಪ್ಪಿದೆ. ಬೈಯುವ ಮುಂಚೆ 1992ರ ಡಿಸೆಂಬರ್‌ನಲ್ಲಿ ಇಟಲಿಯ ಟೊರ್ಟೊಲಿಯಲ್ಲಿ ಮೆಕಿನ್ನಿ ಜೊತೆ ಆಡಿದ ಪಂದ್ಯದ 11ನೇ ಸುತ್ತನ್ನು ಒಮ್ಮೆ ನೋಡಿ. ಎದುರಾಳಿಯನ್ನು ನೆಲಕ್ಕೆ ಕೆಡವಿ, ಇನ್ನೇನು ಮುಗಿಸುತ್ತೇನೆ ಅಂತ ಮುಖ ಕಾಯುವ ಕೈ ಇಳಿಸಿ ನುಗ್ಗಿ, ಅದೇ ಸುತ್ತಿನಲ್ಲಿ ತಾನೇ ನಾಕ್‌ಔಟ್ ಆದ. ಜೇಕ್ ಆ ಜಾಗದಲ್ಲಿದ್ದಿದ್ದರೆ ಪಕ್ಕೆಗೆ ಹೊಡೆಯುತ್ತಾ ಇನ್ನೊಂದು ಸುತ್ತು ಕಾಯುತ್ತಿದ್ದ ಅಂತ ನನ್ನ ವಾದ. ಇಲ್ಲ ಅನ್ನುವವರು ಕಾಮೆಂಟಿನಲ್ಲಿ ಬನ್ನಿ.